ಕಿಟಕಿ ಒರೆಸುವ ಮೇಷ್ಟರ ಉಡುಪು

ಚಳಿಗಾಲದಲ್ಲಿ ಏಣಿ ಹತ್ತಿ ಹೊರಗಡೆಯಿಂದ ಕಿಟಕಿ ಒರೆಸುವವನು ಮೈಮೇಲೆ ಏನು ಹಾಕಿಕೊಳ್ಳಬೇಕು ಎಂಬ ವಿಷಯದಲ್ಲಿ ಅಭಿಪ್ರಾಯವಿಲ್ಲದ ಒಬ್ಬ ಮನುಷ್ಯನೂ ನನಗೆ ಭದ್ರಾವತಿಯಲ್ಲಿ ಸಿಕ್ಕಲಿಲ್ಲ. ಏಣಿ ಹತ್ತಲು ಸಿದ್ಧನಾದವನು ಒಬ್ಬನೂ ಸಿಕ್ಕಲಿಲ್ಲ. ಹೀಗಾಗಿ ಹತ್ತುವವನು ನಾನು, ಹೇಳುವವರು ಅವರು, ಪ್ರತಿ ವರ್ಷ ಏನಾದರೊಂದು ಆಗುತ್ತಲೇ ಇತ್ತು.

ನಮ್ಮ ಶಾಲೆಗೆ ಹೊಸದಾಗಿ ಮಹಡಿ ಕಟ್ಟಿಸಿ, ಹದಿನಾಲ್ಕು ದೊಡ್ಡ ಗಾಜಿನ ಕಿಟಕಿ ಇಟ್ಟಿದ್ದರು. ಕಾರ್ಖಾನೆಗಳ ಹೊಗೆ ಬಂದು ಕೂರುವ ಊರಿನಲ್ಲಿ ಹದಿನಾಲ್ಕು ಗಾಜಿನ ಕಿಟಕಿ ಯಾಕೆ ಎಂದು ಕೇಳುವ ಅಧಿಕಾರ ನನಗಿರಲಿಲ್ಲ. ಧನುರ್ಮಾಸ ಮುಗಿಯುತ್ತಿದ್ದಂತೆ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರು ಬರುತ್ತಿದ್ದರು. ಅಷ್ಟರೊಳಗೆ, ಬೆಳಗಿನ ಮಂಜಿನಲ್ಲಿ, ಗಂಟೆ ಹೊಡೆಯುವ ಮೊದಲು ಮಸಿ ತೊಳೆಯಬೇಕು. ಜವಾನನಿಗೆ ಮೂರನೆಯ ಮೆಟ್ಟಿಲಿಗೇ ತಲೆ ಸುತ್ತು. ಹೆಡ್‌ಮಾಸ್ಟರು ಆರ್ಡರ್ ಪುಸ್ತಕದಲ್ಲಿ ನನ್ನ ಹೆಸರು ಬರೆದರು. ಯಾಕೆ ಸಾರ್ ಎಂದೆ.

"ನೀವು ಗಣಿತದವರು. ಏಣಿ ಎಷ್ಟು ಡಿಗ್ರಿಯಲ್ಲಿ ಒರಗಿಸಬೇಕು ಅಂತ ಇನ್ಯಾರಿಗೆ ಗೊತ್ತಿದೆ?"

೧. ರುಮಾಲು

ಮೊದಲ ವರ್ಷ ನಾನು ಹಳೆಯ ಪಂಚೆ, ಹಳೆಯ ಅಂಗಿ ಹಾಕಿಕೊಂಡು, ತಲೆಗೆ ಒಂದು ಟವೆಲು ಸುತ್ತಿಕೊಂಡು ಹೋದೆ. ಹೆಡ್‌ಮಾಸ್ಟರು ಗೇಟಿನಲ್ಲೇ ತಡೆದರು.

"ಇದೇನ್ರೀ ವೇಷ? ಮೇಷ್ಟ್ರು ಏಣಿ ಮೇಲಿದ್ರೂ ಮೇಷ್ಟ್ರೇ. ಕೋಟು, ರುಮಾಲು ಇಲ್ಲದೆ ಕಾಂಪೌಂಡಿನೊಳಗೆ ಬರಕೂಡದು."

ಮನೆಗೆ ಹಿಂತಿರುಗಿ, ಕಚ್ಚೆ ಪಂಚೆ ಉಟ್ಟು, ಗುಂಡಿ ಹಾಕಿದ ಕೋಟು ತೊಟ್ಟು, ರುಮಾಲು ಸುತ್ತಿಕೊಂಡು ಬಂದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಕಿಟಕಿಗೆ ಹೆಣ್ಣು ನೋಡೋಕೆ ಹೋಗ್ತಾ ಇದ್ದೀರಾ?" ಎಂದು ಕೇಳಿದಳು. ನನಗೆ ನಗು ಬರಲಿಲ್ಲ.

ಒದ್ದೆ ಬಟ್ಟೆ ಹಿಡಿದು ಕೈ ಮೇಲೆತ್ತಿದವರಿಗೆ ಮಾತ್ರ ಒಂದು ಸಂಗತಿ ಗೊತ್ತು. ನೀರು ಗಾಜಿನ ಮೇಲೆ ನಿಲ್ಲುವುದಿಲ್ಲ. ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ ಬರುತ್ತದೆ. ಪೌಷದ ಬೆಳಗಿನ ನೀರು ಅದು. ಮೂರು ಕಿಟಕಿ ಮುಗಿಯುವಷ್ಟರಲ್ಲಿ ಕೋಟಿನ ಬಲತೋಳು ಒದ್ದೆ ಗೋಣಿಯ ಹಾಗೆ ಆಗಿತ್ತು. ಸಾಕೆನಿಸಿ ಇಳಿಯತೊಡಗಿದೆ. ರುಮಾಲಿನ ಸೆರಗು ಕಿಟಕಿಯ ಕೊಂಡಿಗೆ ಸಿಕ್ಕಿಕೊಂಡದ್ದು ನನಗೆ ತಿಳಿಯಲಿಲ್ಲ. ನಾನು ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಅದೂ ಒಂದೊಂದೇ ಸುತ್ತು ಬಿಚ್ಚಿಕೊಂಡಿತು. ನೆಲಕ್ಕೆ ಕಾಲಿಟ್ಟಾಗ ನನ್ನ ತಲೆ ಬರಿದಾಗಿತ್ತು, ಮಹಡಿಯಿಂದ ಬಿಳಿ ಬಟ್ಟೆ ಗಾಳಿಗೆ ಹಾರಾಡುತ್ತಿತ್ತು.

ಹೆಡ್‌ಮಾಸ್ಟರು ಕೋಣೆಯಿಂದ ಓಡಿ ಬಂದು ಕೂಗಿದರು: "ಯಾರ್ರೀ ಅದು ಬಾವುಟ ಹಾರಿಸಿದ್ದು? ಗಣರಾಜ್ಯ ದಿನಕ್ಕೆ ಇನ್ನೂ ಹದಿನೈದು ದಿನ ಇದೆ!"

೨. ಕಾದ ಕಬ್ಬಿಣದ ಕೈಗವಸು

ಎರಡನೆಯ ವರ್ಷ ಕೋಟಿನ ಆಜ್ಞೆ ಸಡಿಲವಾಯಿತು. ಆಗ ಜನ್ನಾಪುರದ ನಮ್ಮ ಪಕ್ಕದ ಮನೆಯವನು ಕೈ ಹಾಕಿದ. ಕಾರ್ಖಾನೆಯಲ್ಲಿ ಫರ್ನೇಸಿನ ಮುಂದೆ ನಿಲ್ಲುವ ಕೆಲಸ ಅವನದು. ತನ್ನ ಹಳೆಯ ಚರ್ಮದ ಕೈಗವಸು ತಂದುಕೊಟ್ಟ. ಒಂದೊಂದೂ ಮೊಣಕೈವರೆಗೆ ಬರುತ್ತಿತ್ತು.

"ಹಾಕ್ಕಳಿ ಸಾರ್. ಕೆಂಪಗೆ ಕಾದ ಕಬ್ಬಿಣ ಹಿಡಿದ್ರೂ ಏನೂ ಆಗಲ್ಲ."

ನಾನು ಹಿಡಿಯುವುದು ಕಾದ ಕಬ್ಬಿಣವಲ್ಲ, ತಣ್ಣೀರಿನ ಬಟ್ಟೆ ಎಂದು ಹೇಳಿದೆ. ಅವನು ಕೇಳಲಿಲ್ಲ. ಅವನ ಹೆಂಡತಿ ಕಿವಿ ಮುಚ್ಚುವ ಉಲ್ಲನ್ ಟೋಪಿ ಕೊಟ್ಟಳು, ಅದರ ಮೇಲೆ ಮಫ್ಲರು ಸುತ್ತಿಸಿದಳು. ಕಣ್ಣು, ಮೂಗು ಬಿಟ್ಟು ನನ್ನದೆನ್ನುವುದು ಏನೂ ಕಾಣುತ್ತಿರಲಿಲ್ಲ.

ಏಣಿಯ ಮೇಲೆ ನಿಂತು ಬಲಗೈ ಎತ್ತಿದೆ. ನೀರು ಎಂದಿನಂತೆ ಇಳಿಯಿತು, ಆದರೆ ಹೊರಗೆ ಹೋಗಲು ದಾರಿಯಿಲ್ಲದೆ ಗವಸಿನೊಳಗೇ ನಿಂತಿತು. ಹತ್ತು ನಿಮಿಷಕ್ಕೆ ಆ ಕೈಗೆ ಒಂದು ತಂಬಿಗೆ ತೂಗುಹಾಕಿಕೊಂಡಂತೆ ಆಯಿತು. ಬೆರಳು ಮಡಿಸಲು ಬಾರದು, ಗವಸು ತೆಗೆಯೋಣವೆಂದರೆ ಚರ್ಮ ನೆನೆದು ಅಂಟಿಕೊಂಡಿದೆ. ಸಂಜೆ ಪಕ್ಕದ ಮನೆಯವನಿಗೆ ದೂರು ಹೇಳಿದೆ. ಅವನು ನನ್ನನ್ನೇ ಗದರಿಸಿದ: "ಇದನ್ನ ನೀರಿಗೆ ಹಾಕಿದ್ರಾ? ಫರ್ನೇಸ್ ಗ್ಲೌಸು ಯಾರಾದ್ರೂ ನೀರಿಗೆ ಹಾಕ್ತಾರಾ ಸಾರ್? ಮೇಷ್ಟ್ರಾಗಿ!"

ಅವತ್ತು ಒಳಗಿನಿಂದ ಕಿಟಕಿಯ ಹತ್ತಿರ ಬಂದ ಹೊಲಿಗೆ ಟೀಚರಮ್ಮ, ಆ ಟೋಪಿ ಮಫ್ಲರಿನಲ್ಲೂ, "ನಮಸ್ಕಾರ ಸಾರ್" ಎಂದಿದ್ದರು. ಹೇಗೆ ಗುರುತು ಹಿಡಿದಿರಿ ಎಂದರೆ, "ಬೋರ್ಡ್ ಒರೆಸೋ ಹಾಗೇ ಒರೆಸ್ತೀರಲ್ಲ, ಬಲಗೈ ಪೂರ್ತಿ ಮೇಲೆತ್ತಿ, ಎಡಗೈ ಅಲ್ಲಾಡಿಸದೆ" ಎಂದರು.

ಮನೆಯಲ್ಲಿ ಇದನ್ನು ಸಿಟ್ಟಿನಿಂದಲೇ ಹೇಳಿದೆ. ಹೆಂಡತಿ ಹಾಸಿಗೆ ಮಡಿಸುತ್ತಿದ್ದವಳು ನಿಲ್ಲಿಸಿ, "ಎಲ್ಲಿ, ಎತ್ತಿ ತೋರಿಸಿ" ಎಂದಳು. ಎತ್ತಿದೆ. ಹೆಗಲಿನಿಂದ ಮಣಿಕಟ್ಟಿನವರೆಗೆ ಗೇಣು ಹಾಕಿದಳು. ಎರಡು ಸಲ ಹಾಕಿದಳು. ತಮಾಷೆ ಮಾಡುತ್ತಿದ್ದಾಳೆಂದುಕೊಂಡು ನಾನು ಕೈ ಇಳಿಸಿದೆ.

೩. ಎರಡೂವರೆ ಅಂಗುಲ

ಮುಂದಿನ ವಾರವೇ ಅವಳು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಕಂದು ಬಣ್ಣದ ಉಲ್ಲನ್ ತಂದಳು. ಯುಗಾದಿಯ ಹೊತ್ತಿಗೆ ಸ್ವೆಟರ್ ಮುಗಿಯಿತು. ನಾನು ಅದನ್ನು ಮೇಜಿನ ಮೇಲೆ ಹಾಸಿ ಅಡಿಕೋಲು ಇಟ್ಟೆ. ಬಲತೋಳು ಎಡತೋಳಿಗಿಂತ ಎರಡೂವರೆ ಅಂಗುಲ ಉದ್ದವಿತ್ತು.

"ಇದು ತಪ್ಪು" ಎಂದೆ.

"ಹಾಕ್ಕೊಂಡು ನೋಡಿ, ಆಮೇಲೆ ಹೇಳಿ."

"ಹಾಕಿಕೊಂಡರೆ ಎರಡೂವರೆ ಅಂಗುಲ ಎಲ್ಲಿಗೆ ಹೋಗುತ್ತೆ?"

ಅವಳು ನಕ್ಕು, "ನಿಮ್ಮ ಕೋಲು ಒಳಗಿಡಿ ಮಾರಾಯ್ರೇ. ಚಳಿ ಬರಲಿ, ಗೊತ್ತಾಗುತ್ತೆ" ಎಂದಳು. ನಾನು ಹಾಕಿಕೊಳ್ಳಲಿಲ್ಲ. ಆಷಾಢದಲ್ಲಿ ಅವಳು ತೀರಿಕೊಂಡಳು. ಚಳಿ ಬಂದಾಗ ಟ್ರಂಕಿನಿಂದ ಸ್ವೆಟರ್ ತೆಗೆದು, ನುಸಿಗುಳಿಗೆಗಳನ್ನು ಕೊಡವಿ, ಹಾಕಿಕೊಂಡು ಏಣಿಗೆ ಹೋದೆ. ಬಲತೋಳು ಬೆರಳುಗಳನ್ನು ನುಂಗಿಬಿಟ್ಟಿತು.

ಆಮೇಲೆ ಇಡೀ ಊರಿಗೆ ಅದೊಂದೇ ಕೆಲಸವಾಯಿತು. ಜವಾನ, "ಮಡಚ್ಕಳಿ ಸಾ, ನೀರು ಕುಡಿಯುತ್ತೆ" ಎಂದು ತಾನೇ ಎರಡು ಮಡಿಕೆ ಮಡಿಸಿದ. ಪಕ್ಕದ ಮನೆಯವನು, ಕತ್ತರಿಸಿ ಅಂಚು ಹೊಲಿದರೆ ಮುಗಿಯಿತು ಎಂದ. ಕತ್ತರಿಸುವುದಂತೆ! ಇವನ ಗವಸನ್ನು ನಾನು ಕತ್ತರಿಸಿದ್ದೆನೇ? ಹೊಲಿಗೆ ಟೀಚರಮ್ಮ ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ತೊಂದರೆ. "ಅಲ್ಲಿಂದ ಬಿಚ್ಚಿ ಮತ್ತೆ ಹೆಣೆದುಕೊಡ್ತೀನಿ ಸಾರ್, ಎರಡೇ ದಿನ" ಎಂದು ಸ್ಟಾಫ್ ರೂಮಿನಲ್ಲಿ ತೋಳಿನ ತುದಿಯ ದಾರವನ್ನು ಹುಡುಕಿಯೇಬಿಟ್ಟರು. ನಾನು ತೋಳನ್ನು ಕಿತ್ತುಕೊಂಡೆ. ಹದಿನೇಳು ವರ್ಷದ ನೌಕರಿಯಲ್ಲಿ ಹೆಂಗಸರ ಎದುರು ನಾನು ಧ್ವನಿ ಏರಿಸಿದ್ದು ಅದೇ ಮೊದಲು.

ಕೊನೆಗೆ ಹೆಡ್‌ಮಾಸ್ಟರು ಕರೆಸಿದರು. "ಇನ್‌ಸ್ಪೆಕ್ಟರು ಗುರುವಾರ ಬರ್ತಾರೆ. ಆ ಮಡಿಕೆ ಜಾರಿದ್ರೆ, ನೀವು ಕೈ ಮುಗಿದಾಗ ಒಂದೇ ಕೈ ಕಾಣುತ್ತೆ ಕಣ್ರೀ. ಅರ್ಧ ನಮಸ್ಕಾರ ಮಾಡಿದ ಅಂತ ನನ್ನ ಮೇಲೆ ಬರೀತಾರೆ. ಅದನ್ನ ಟೀಚರಮ್ಮನಿಗೆ ಕೊಟ್ಟುಬಿಡಿ."

ನನಗೆ ಬಂದ ಕೋಪವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ತಪ್ಪು ಎಂದು ಅಳೆದು ತೋರಿಸಿದವನು ಮೊದಲು ನಾನೇ ಅಲ್ಲವೇ? ಗುರುವಾರ ಬೆಳಿಗ್ಗೆ ಕೊನೆಯ ಕಿಟಕಿ ಒರೆಸಿ, ಆಮೇಲೆ ಸ್ವೆಟರ್ ಕೊಡುತ್ತೇನೆ ಎಂದು ಒಪ್ಪಿಕೊಂಡೆ. ಹೆಡ್‌ಮಾಸ್ಟರು ಸಮಾಧಾನದಿಂದ, "ನೋಡಿ, ಎರಡೂವರೆ ಅಂಗುಲಕ್ಕೆ ಇಷ್ಟು ದಿನ ಹಿಡೀತು. ಪೂರ್ತಿ ಸ್ವೆಟರಿಗೆ ನಿಮ್ಮ ಮನೆಯವರಿಗೆ ಎಷ್ಟು ದಿನ ಹಿಡಿದಿತ್ತು?" ಎಂದರು.

೪. ಹದಿನಾಲ್ಕನೆಯ ಕಿಟಕಿ

ಗುರುವಾರ ದಟ್ಟ ಮಂಜು. ಜವಾನ ಏಣಿ ಹಿಡಿದಿದ್ದ. ಹೊಲಿಗೆ ಟೀಚರಮ್ಮ ಟೇಪು ಹಿಡಿದು ಕೆಳಗೆ ಕಾದಿದ್ದರು. ನಾನು ಮೇಲಿನ ಮೆಟ್ಟಿಲಿಗೆ ಹೋದಾಗ ಅವರು ಕೂಗಿದರು: "ಸಾರ್, ತೋಳಿನ ಮಡಿಕೆ ಬಿಚ್ಚಿ. ಎಷ್ಟು ತೆಗೀಬೇಕು ಅಂತ ಇಲ್ಲಿಂದಲೇ ಒಂದು ಅಂದಾಜು ನೋಡ್ತೀನಿ."

ಇಷ್ಟು ದಿನ ಜವಾನ ಹಾಕಿದ್ದ ಮಡಿಕೆ ಬಿಚ್ಚಿರಲಿಲ್ಲ. ಬಿಚ್ಚಿದೆ. ಎಡಗೈಯಲ್ಲಿ ಏಣಿ ಹಿಡಿದು, ಬಟ್ಟೆ ತೆಗೆದುಕೊಂಡು, ಕಿಟಕಿಯ ಮೇಲಿನ ಮೂಲೆಗೆ ಬಲಗೈ ಎತ್ತಿದೆ.

ಸ್ವೆಟರಿನ ತೋಳು ತಾನಾಗಿ ಕೆಳಗೆ ಜಾರಿ ಬಂದು ಮಣಿಕಟ್ಟಿನ ಮೂಳೆಯ ಮೇಲೆ ನಿಂತಿತು. ಒಂದು ನೂಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಡತೋಳು ನೋಡಿದೆ. ಅದೂ ಮಣಿಕಟ್ಟಿಗೆ ಸರಿಯಾಗಿತ್ತು. ಅವಳು ಅಳೆದದ್ದು ಎತ್ತಿದ ಕೈಯನ್ನು. ಬೋರ್ಡಿನ ಮುಂದೆ, ಕಿಟಕಿಯ ಮುಂದೆ ನಿಲ್ಲುವವನ ಕೈಯನ್ನು. ನಾನು ಅಳೆದದ್ದು ಮೇಜಿನ ಮೇಲೆ ಹಾಸಿದ ಉಲ್ಲನ್ನನ್ನು.

ನಾನು ಕೈ ಇಳಿಸಲಿಲ್ಲ. ಇಳಿಸಿದರೆ ಅದು ಮತ್ತೆ ಎರಡೂವರೆ ಅಂಗುಲ ತಪ್ಪಾಗುತ್ತದೆ ಎನ್ನಿಸಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಇಂಥ ವಿಷಯದಲ್ಲಿ ಲೆಕ್ಕ ತಪ್ಪದ ನನಗೂ ಗೊತ್ತಿಲ್ಲ. ಕೆಳಗೆ ಕಾರು ನಿಂತ ಸದ್ದಾಯಿತು. ಇನ್‌ಸ್ಪೆಕ್ಟರು ಒಂದು ಗಂಟೆ ಮುಂಚೆ ಬಂದುಬಿಟ್ಟಿದ್ದರು.

ಹೆಡ್‌ಮಾಸ್ಟರು ಏಣಿಯ ಬುಡಕ್ಕೆ ಓಡಿ ಬಂದು, ಹಲ್ಲು ಕಚ್ಚಿ, "ಇಳೀರಿ ಮಾರಾಯ್ರೇ! ಕೈಯನ್ನಾದ್ರೂ ಇಳಿಸಿ!" ಎಂದರು.

ನಾನು ಇಳಿಸಲಿಲ್ಲ. ಇನ್‌ಸ್ಪೆಕ್ಟರು ತಲೆ ಎತ್ತಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಪಾಠದ ಮಧ್ಯೆ ಕೈ ಎತ್ತಿದವರನ್ನು ಕೇಳುವ ಅದೇ ಧ್ವನಿಯಲ್ಲಿ, "ಏನ್ ಮೇಷ್ಟ್ರೇ, ಏನಾದ್ರೂ ಹೇಳೋದಿದೆಯಾ?" ಎಂದರು.

"ಇದೆ ಸಾರ್. ತೋಳು ಸರಿಯಾಗಿದೆ. ಅಳೆದವನದು ತಪ್ಪು."

ಹೊಲಿಗೆ ಟೀಚರಮ್ಮ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದರು. ನಿಧಾನವಾಗಿ ಟೇಪು ಸುತ್ತಿ ಚೀಲದೊಳಗೆ ಹಾಕಿಕೊಂಡರು. ಹೆಡ್‌ಮಾಸ್ಟರ ಮುಖದಲ್ಲಿ ಬೆವರು, ಆ ಚಳಿಯಲ್ಲಿ.

ಇನ್‌ಸ್ಪೆಕ್ಟರು ಹೆಡ್‌ಮಾಸ್ಟರ ಕಡೆ ಬಾಗಿ, ಮೆಲ್ಲಗೆ ಕೇಳಿದರು:

"ಗಣಿತದವರಾ?"

"ಹೌದು ಸಾರ್."

"ಹಾಗಾದ್ರೆ ಸರಿ" ಎಂದು ಅವರು ಒಳಗೆ ನಡೆದರು.