ಮೊದಲು ಪುಡಿಂಗ್

ಮ್ಯೂರಿಯಲ್ ನೀರು ಕಾಯಿಸಿದರೂ ಸೀದುಹೋಗುತ್ತದೆ ಎಂದು ಅವಳ ತಾಯಿಯೇ ಹೇಳುತ್ತಿದ್ದರು. ಅದಕ್ಕೇ ಆ ಶ್ರೀಮತಿ ಬೇರ್‌ಸ್ಟೋ, ಮಾಂಸದೂಟಕ್ಕೆ ಮಾಡುವ ಸಿಹಿಯಿಲ್ಲದ ಯಾರ್ಕ್‌ಶೈರ್ ಪುಡಿಂಗನ್ನು ನೆಟ್ಟಗೆ ಉಬ್ಬಿಸಬಲ್ಲ ಗಂಡಿಗಲ್ಲದೆ ಮಗಳನ್ನು ಕೊಡುವುದಿಲ್ಲವೆಂದು ಪಟ್ಟು ಹಿಡಿದಿದ್ದರು. ಹೀಗಾಗಿ ಮ್ಯೂರಿಯಲಳನ್ನು ಮದುವೆಯಾಗಬೇಕೆಂದಿದ್ದ ಉಣ್ಣೆ ಗಿರಣಿಯ ಗುಮಾಸ್ತ ಸೆಲ್ವಿನ್ ಆಕ್ರಾಯ್ಡ್ ಆ ಭಾನುವಾರ ತಾಯಿ ಮಗಳಿಬ್ಬರನ್ನೂ ಊಟಕ್ಕೆ ಕರೆದು, ಬೆಳಗಿನಿಂದ ಅಡುಗೆಮನೆಯಲ್ಲಿ ಬಾಲ ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದ. ಗಾಬರಿಯಲ್ಲಿ ಇಡೀ ಬೀದಿಗಾಗುವಷ್ಟು ಮೊಟ್ಟೆ, ಹಾಲು, ಹಿಟ್ಟು ಕದಡಿಟ್ಟಿದ್ದ.

ದನದ ಮಾಂಸವೇನೋ ಹದವಾಗಿ ಬೆಂದಿತ್ತು. ಅದರಿಂದ ಇಳಿದ ಕೊಬ್ಬನ್ನು ತಗಡಿನ ತಟ್ಟೆಗಳಿಗೆ ಬಸಿದು, ರಸದಲ್ಲಿ ಗ್ರೇವಿ ಕುದಿಸಿ, ಮಾಂಸವನ್ನು ಮೇಜಿನ ಮೇಲಿಟ್ಟ. ಅಷ್ಟರಲ್ಲಿ ಪಕ್ಕದ ಮನೆಯ ಹಿಲ್ಡಾ ಉಪ್ಪು ಕೇಳುವ ನೆಪದಲ್ಲಿ ಬಂದಳು. ಮಾಂಸ ಆರಿಹೋಗುತ್ತದೆಂದು ಗದರಿ, ತಾನೇ ಅದನ್ನೆತ್ತಿ ಓವನ್ನಿನ ತಳಕ್ಕೆ ತಳ್ಳಿದಳು. ಅವಳ ಹಿಂದೆಯೇ ಎದುರುಮನೆಯ ವಾಲ್ಟರ್ ಬಂದ. ಕೊಬ್ಬು ಹೊಗೆಯಾಡುವಷ್ಟು ಕಾಯದೆ ಪುಡಿಂಗ್ ಏಳುವುದುಂಟೇ ಎಂದು ನಕ್ಕು, ಗ್ಯಾಸಿನ ತಿರುಪನ್ನು ಕೊನೆಯವರೆಗೂ ತಿರುಗಿಸಿದ. ಹಿಟ್ಟು ಸುರಿದದ್ದಾಯಿತು. ಇನ್ನು ರಾಣಿಯೇ ಬಂದು ತಟ್ಟಿದರೂ ಓವನ್ನಿನ ಬಾಗಿಲು ತೆರೆಯಕೂಡದೆಂದು ಇಬ್ಬರೂ ಆಣೆ ಹಾಕಿಸಿಕೊಂಡರು.

ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಸೆಲ್ವಿನ್ ಮುಖ ಬಿಳಿಚಿಕೊಂಡಿತು.

"ಹಿಲ್ಡಕ್ಕ, ಮಾಂಸ ಒಳಗೇ ಉಳೀತಲ್ಲಾ."

ಅವನು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ವಾಲ್ಟರ್ ಅಡ್ಡ ನಿಂತ. "ಈಗ ತೆಗ್ದೆ ಅಂದ್ರೆ ಪುಡಿಂಗ್ ಕುಸಿದು ಕೂತ್ಬಿಡುತ್ತೆ ಕಣೋ. ಹುಡುಗಿ ಬೇಕೋ, ಮಾಂಸ ಬೇಕೋ, ನೀನೇ ಹೇಳು."

ಸೆಲ್ವಿನ್ ಕೈ ಹಿಂದೆಗೆದು, ಹುಡುಗಿ ಎಂದ.

ಕೊನೆಗೆ ಬಾಗಿಲು ತೆರೆದಾಗ ಮೂವರೂ ಬಗ್ಗಿ ನೋಡಿದರು. ಪುಡಿಂಗ್ ತುತ್ತೂರಿ ಊದುವವನ ಕೆನ್ನೆಯಂತೆ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ತಟ್ಟೆಯಾಚೆಗೆ ಬಾಗಿ ನಿಂತಿತ್ತು. ಹಿಲ್ಡಾಳ ಕಣ್ಣಲ್ಲಿ ನೀರೇ ಬಂತು. ಅದರ ಕೆಳಗಿದ್ದುದನ್ನು ಮಾತ್ರ ಯಾರೂ ಎರಡನೇ ಸಲ ನೋಡಲಿಲ್ಲ. ಸೆಲ್ವಿನ್ ಅದರ ಮೇಲೊಂದು ಮುಚ್ಚಳ ಮುಚ್ಚಿದ.

ಆಗಲೇ ಅವನಿಗೊಂದು ಉಪಾಯ ಹೊಳೆಯಿತು. ಊರಿನ ಎಲ್ಲ ಮನೆಯಲ್ಲೂ ಮೊದಲು ಬರೀ ಪುಡಿಂಗ್ ಮತ್ತು ಗ್ರೇವಿ, ಮಾಂಸ ಆಮೇಲೆ ತಾನೇ? ಪುಡಿಂಗಿನಲ್ಲೇ ಹೊಟ್ಟೆ ಬಿರಿಯುವಂತೆ ಮಾಡಿದರೆ ಮಾಂಸ ಕೇಳುವವರಾರು?

ಅತಿಥಿಗಳು ಬಂದರು, ನೆರೆಯವರು ಅಡುಗೆಮನೆಯಲ್ಲೇ ಅಡಗಿ ಕಿವಿಗೊಟ್ಟರು. ಶ್ರೀಮತಿ ಬೇರ್‌ಸ್ಟೋ ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದು, "ಪರವಾಗಿಲ್ಲ" ಎಂದರು. ಆ ಊರಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಸೆಲ್ವಿನ್ ಎರಡನೆಯ ತಟ್ಟೆ ತಂದ, ಮೂರನೆಯದನ್ನೂ ತಂದ. ಬೇಡವೆಂದರೂ ಬಿಡದೆ ಮದುವೆಮನೆಯವನಂತೆ ಬಲವಂತ ಮಾಡಿದ. ಮ್ಯೂರಿಯಲ್ ಮೇಜಿನ ಕೆಳಗೆ ಷೂ ಕಳಚಿದಳು. ಅವಳ ತಾಯಿ ಸೊಂಟದ ಗುಂಡಿ ಸಡಿಲಿಸಿ, ಇನ್ನು ಒಂದು ಬಟಾಣಿಗೂ ಜಾಗವಿಲ್ಲವೆಂದು ಒಪ್ಪಿಕೊಂಡರು. ಹುಡುಗ ನಮಗೆ ಒಪ್ಪಿಗೆ, ವಸಂತದಲ್ಲಿ ಮದುವೆ ಇಟ್ಟುಕೊಳ್ಳಬಹುದು ಎಂದೂ ಹೇಳಿದರು. ಸೆಲ್ವಿನ್ ಖುಷಿಯಲ್ಲಿ ತೇಲಿಹೋದ.

ಆಗ ಶ್ರೀಮತಿ ಬೇರ್‌ಸ್ಟೋ ಕೈಚೀಲದಿಂದ ಎಣ್ಣೆಕಾಗದ ತೆಗೆದು ಮೇಜಿನ ಮೇಲೆ ಹರವಿದರು.

"ಮಾಂಸ ಮುಟ್ಟೋಕೂ ಆಗ್ಲಿಲ್ಲ ನೋಡಪ್ಪ. ಹಾಗೇ ಸುತ್ತಿ ಕೊಡು. ಸೋಮವಾರ ತಣ್ಣಗಿರೋ ಮಾಂಸಕ್ಕೆ ಸಾಸಿವೆ ಹಚ್ಕೊಂಡು ಬ್ರೆಡ್ ಜೊತೆ ತಿನ್ನೋದು ನಮ್ಮನೆ ಪದ್ಧತಿ."

ಸೆಲ್ವಿನ್ ತೊದಲಿದ. ಹೊರುವುದು ಭಾರವೆಂದ, ನಾಳೆ ತಾನೇ ತಂದುಕೊಡುವೆನೆಂದ. ಅಷ್ಟರಲ್ಲಿ ಅವರು ಎದ್ದು ಅಡುಗೆಮನೆಗೆ ಹೋಗಿ, ಹಿಲ್ಡಾ ವಾಲ್ಟರರ ನಡುವೆ ಕೈತೂರಿಸಿ ಮುಚ್ಚಳ ಎತ್ತಿದ್ದರು. ಬಹಳ ಹೊತ್ತು ನೋಡಿದರು.

"ಕಲ್ಲಿದ್ದಲಿಗೆ ನಮ್ಮನೇಲೇನೂ ಕೊರತೆ ಇಲ್ಲಪ್ಪ" ಎಂದರು.

ಆಮೇಲೆ ವಸಂತದ ಮದುವೆಯ ಮಾತನ್ನು ಮತ್ತೆ ಎತ್ತದೆ, ಮಿಕ್ಕಿದ್ದ ಪುಡಿಂಗನ್ನು ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿ, ಒಂದು ಕಂಕುಳಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಮ್ಯೂರಿಯಲಳನ್ನೂ ಹಿಡಿದುಕೊಂಡು ಮನೆಗೆ ಹೊರಟರು.