ನಡುವಿಗೆ ಬಂದು ನಿಂತ ಚುಕ್ಕಿ

ಜಾಯ್‌ಸ್ಟಿಕ್ಕನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಪರದೆಯ ಮೇಲಿನ ಚುಕ್ಕಿ, ಕೊನೇ ಗಂಟೆ ಹೊಡೆದಾಗ ಮಕ್ಕಳು ಗೇಟಿನ ಕಡೆ ಓಡುವ ಹಾಗೆ, ಸರ್ರನೆ ಎಡಮೂಲೆಗೆ ಓಡಿತು.

ರಿಪ್ಪನ್‌ಪೇಟೆಯ ಆ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು ಪೂರ್ಣೇಶ್ ಬೆವರಿದರು. ಮೂವತ್ತೈದು ವರ್ಷದ ಹಿಂದೆ ಅವರು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದು ಇದೇ ಕೋಣೆಯ ಇದೇ ಹೋಂ ಕಂಪ್ಯೂಟರಿನಲ್ಲಿ. ಬೆಳಗ್ಗೆ ಮುಖ್ಯೋಪಾಧ್ಯಾಯಿನಿ ಸೌಜನ್ಯಾ ಮೇಡಂ ಹೇಳಿದ್ದು ಇಷ್ಟೇ: "ಮೂರು ಗಂಟೆಗೆ ವ್ಯಾನ್ ಬರ್ತದೆ ಸಾರ್. ಅಷ್ಟರೊಳಗೆ ಆ ಡಬ್ಬ ನಡೀತದಾ ಇಲ್ವಾ ನೋಡಿಡಿ."

ಏನನ್ನೇ ಆದರೂ ಮೂರು ದಶಾಂಶ ಸ್ಥಾನದವರೆಗೆ ಅಳೆಯುವ ಮೇಷ್ಟ್ರು, ವ್ಯಾನ್ ಯಾರದೆಂದು ಮಾತ್ರ ಕೇಳಲಿಲ್ಲ. ಗುಜರಿಯವನದ್ದಲ್ಲದೆ ಇನ್ಯಾರದು? ನಡೆಯದಿದ್ದರೆ ಡಬ್ಬ ತೂಕಕ್ಕೆ ಹೋದಂತೆಯೇ.

"ಥಂಡಿ ಹಿಡಿದದೆ ಸಾ," ಎಂದರು ಬಿಸಿಯೂಟದ ಯಮುನಮ್ಮ. "ಮೊಬೈಲ್ ನೀರಿಗೆ ಬಿದ್ರೆ ಎಂತ ಮಾಡ್ತೀವಿ? ಅಕ್ಕಿಗೆ ಹಾಕ್ತೀವಲ್ಲ?" ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಜಾಯ್‌ಸ್ಟಿಕ್ ಅಕ್ಕಿಮೂಟೆಯೊಳಗೆ ಹೂತುಹೋಗಿತ್ತು.

ಗಂಟೆ ಬಿಟ್ಟು ತೆಗೆದು ನೋಡಿದರೆ ಚುಕ್ಕಿ ಬಲಕ್ಕೆ ಓಡಿತು.

"ಅಕ್ಕಿ ಸ್ವಲ್ಪ ಜಾಸ್ತಿ ಆಯ್ತು ಕಾಣ್ತದೆ," ಎಂದರು ಡ್ರಿಲ್ ಮೇಷ್ಟ್ರು ಪುಟ್ಟಪ್ಪ.

ಪೂರ್ಣೇಶ್ ಹಲ್ಲು ಕಚ್ಚಿ ಬೇಸಿಕ್ಕಿಗೆ ಕೈಹಾಕಿದರು. ಜಾಯ್‌ಸ್ಟಿಕ್ಕಿನ ಕಡ್ಡಿಯ ಸ್ಥಾನವನ್ನು ಸಂಖ್ಯೆಯಾಗಿ ಓದಿಸಿದರು. ಎಡತುದಿಗೆ ನಾಲ್ಕು, ಬಲತುದಿಗೆ ಇನ್ನೂರೈವತ್ತು. ಕೈಬಿಟ್ಟಾಗ ನೂರಿಪ್ಪತ್ತೇಳರ ಆಸುಪಾಸು ಬರಬೇಕಾದ್ದು ನೂರತೊಂಬತ್ತು ಬಂತು. ಸರಿ, ಕಡ್ಡಿಯಿಂದ ಕೈತೆಗೆದು ಗುಂಡಿ ಒತ್ತಿದಾಗ ಯಾವ ಸಂಖ್ಯೆ ಬರುತ್ತದೋ ಅದೇ ನಡು ಎಂದುಕೊಳ್ಳುವಂತೆ ಪ್ರೋಗ್ರಾಂ ಬರೆದರು. ಎರಡು ಸಲ ಕರೆಂಟ್ ಹೋಗಿ ಬರೆದದ್ದೆಲ್ಲ ಅಳಿಸಿಹೋಯಿತು. ಮೂರನೇ ಸಲ, ಆ ಕಾಲದ ರೂಢಿಯಂತೆ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಉಳಿಸಿ, ಪರೀಕ್ಷೆಗೆ ಪುಟ್ಟಪ್ಪನವರನ್ನು ಕೂರಿಸಿದರು.

"ಎಡ... ಬಲ... ಕೈ ಬಿಡಿ, ಗುಂಡಿ ಒತ್ತಿ! ಇನ್ನೊಂದ್ಸಲ!"

"ನಂಗೇ ಡ್ರಿಲ್ ಮಾಡಿಸ್ತೀರಲ್ಲ ಮಾರಾಯ್ರೆ!"

ಮೂರಕ್ಕೆ ಐದು ನಿಮಿಷವಿದ್ದಾಗ ಚುಕ್ಕಿ ಪರದೆಯ ನಟ್ಟನಡುವೆ ಸಾವಧಾನ್ ನಿಂತಿತು. ಸೌಜನ್ಯಾ ಮೇಡಂ ಬಂದು ಆಡಿಸಿ ನೋಡಿದರು. ಮುಖ ಅರಳಿತು.

"ಒಳ್ಳೇದಾಯ್ತು ಸಾರ್! ಸಾಗರದಲ್ಲಿ ಹಳೇ ಕಂಪ್ಯೂಟರ್‌ಗಳ ಪ್ರದರ್ಶನ ಶುರು ಮಾಡ್ತಾರಂತೆ. ನಡೆಯೋದು ಮಾತ್ರ ಬೇಕು ಅಂದ್ರು, ವ್ಯಾನ್ ಅವರದ್ದೇ. ನಡೀದಿದ್ರೆ ನಿಮ್ಮ ಲ್ಯಾಬಿಗೇ ಬಿಟ್ಬಿಡೋಣ ಅಂತಿದ್ದೆ."

ಪೂರ್ಣೇಶ್ ಧೂಳು ಕೊಡಹುವವರಂತೆ ಜಾಯ್‌ಸ್ಟಿಕ್ಕನ್ನು ಎತ್ತಿ, ಬೋರಲು ಹಾಕಿ, ಬಲವಾಗಿ ಅಲುಗಾಡಿಸಿದರು. ಕಡ್ಡಿಯ ಬುಡದಿಂದ ಒಂದು ಅಕ್ಕಿಕಾಳು ಟಪ್ಪನೆ ಮೇಜಿನ ಮೇಲೆ ಬಿತ್ತು. ಚುಕ್ಕಿ ಎಡಮೂಲೆಗೆ ಪರಾರಿ!

"ಅಯ್ಯೋ, ಕೆಟ್ಟೇಹೋಯ್ತಲ್ಲ ಮೇಡಂ!" ಮೇಷ್ಟ್ರ ದನಿಯಲ್ಲಿ ದುಃಖವಿತ್ತು. ಮುಖದಲ್ಲಿ ದೀಪಾವಳಿ.

"ಹೆದರ್ಬೇಡಿ ಸಾರ್, ನಾನಿದೀನಲ್ಲ!" ಪುಟ್ಟಪ್ಪ ಮುಂದೆ ನುಗ್ಗಿ ಜಾಯ್‌ಸ್ಟಿಕ್ಕನ್ನು ಮೇಜಿನ ಮೇಲಿಟ್ಟರು. ಕೈ ಬಿಟ್ಟರು. ಗುಂಡಿ ಒತ್ತಿದರು. ಚುಕ್ಕಿ ನಡುವಿಗೆ ಬಂದು ನಿಂತಿತು. "ನಲವತ್ತು ಸಲ ಮಾಡಿಸಿದ್ದು ಇದನ್ನೇ ಅಲ್ವಾ?"

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಅಷ್ಟರಲ್ಲಿ ಯಮುನಮ್ಮ ಚೀಲವೊಂದನ್ನು ಹಿಡಿದು ಓಡಿಬಂದರು.

"ಸಾಗರದ ತನಕ ಮಳೆ ಉಂಟು ಸಾ. ಇದರೊಳಗೆ ಹಾಕಿ, ಎರಡು ಸೇರು ಅಕ್ಕಿ ತುಂಬ್ಸಿದೀನಿ."