ಐದು ಸೆಕೆಂಡ್ ಸುಮ್ಮನಿರಲಾರದ ಕಂಪ್ಯೂಟರ್ ಸಾಹೇಬರಿಗೆ

ಮುಂಡರಗಿಯ ನಮ್ಮ ಸಮುದಾಯ ಬಾನುಲಿಯ ಸ್ಟುಡಿಯೋದಲ್ಲಿ, ಇರುವ ಒಂದೇ ಒಂದು ಎಸಿಯ ಕೆಳಗೆ ವಿರಾಜಮಾನರಾಗಿರುವ, ಹಾಡು ಆರಿಸುವ ಹೊಸ ಕಂಪ್ಯೂಟರ್ ಸಾಹೇಬರ ಸನ್ನಿಧಿಗೆ, ಇದೇ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತ ಬುಧವಾರಕ್ಕೊಮ್ಮೆ ಪುಕ್ಕಟೆ ಕಾರ್ಯಕ್ರಮ ಕೊಡುವ ಸ್ವಯಂಸೇವಕ ತಿರಕಪ್ಪನು, ಕೈಗೆ ಅಂಟಿದ ಹಿಟ್ಟನ್ನು ತಮ್ಮ ನಿಯಮದಂತೆ ಚೆನ್ನಾಗಿ ತೊಳೆದುಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ದಯಮಾಡಿಸಿ ಎರಡು ತಿಂಗಳಾಯಿತು. ಅಂದಿನಿಂದ ಪ್ರತಿ ಸೋಮವಾರ ‘ಈ ವಾರದ ಹೊಸ ಹಾಡುಗಳು’ ಎಂಬ ಪಟ್ಟಿ ನಮ್ಮೆಲ್ಲರ ಮೊಬೈಲಿಗೆ ತಪ್ಪದೆ ಬರುತ್ತಿದೆ. ಹನ್ನೆರಡು ಹಾಡುಗಳಲ್ಲಿ ಒಂಬತ್ತರಲ್ಲಿ ಹುಡುಗಿ ಕೈಕೊಟ್ಟಿರುತ್ತಾಳೆ, ಉಳಿದ ಮೂರರಲ್ಲಿ ಕೊಡುವ ಲಕ್ಷಣ ತೋರಿಸುತ್ತಿರುತ್ತಾಳೆ. ಕಡಲೆಗೆ ಬಿದ್ದ ಹುಳುವಿನ ಬಗ್ಗೆ ಮುಂಜಾನೆ ಮಾಹಿತಿ ಕೇಳಿ ಚಿಂತೆಗೆ ಬಿದ್ದ ರೈತನಿಗೆ, ತನಗಿಂತ ಹೆಚ್ಚು ಕಷ್ಟದಲ್ಲಿರುವವರೂ ಇದ್ದಾರೆಂದು ಇದರಿಂದ ಸಮಾಧಾನವಾಗುತ್ತದೆಂದೇ ನಾನು ನಂಬಿದ್ದೇನೆ.

ತಮ್ಮ ನೆನಪೋಲೆಗಳನ್ನಂತೂ ಎಷ್ಟು ಹೊಗಳಿದರೂ ಸಾಲದು. ಚಪ್ಪಲಿ ಹೊರಗೆ ಬಿಡಿ, ಫ್ಯಾನು ಆರಿಸಿ, ಮಿರ್ಚಿ ತಿಂದ ಕೈಯಲ್ಲಿ ಮೈಕು ಮುಟ್ಟಬೇಡಿ ಎಂದು ನಮ್ಮನ್ನು ತಿದ್ದುತ್ತಲೇ ಇದ್ದೀರಿ. ಸ್ಟುಡಿಯೋದೊಳಗೆ ಮೊಬೈಲ್ ಸದ್ದು ಮಾಡಬಾರದೆಂಬ ಎಚ್ಚರಿಕೆಯನ್ನು ತಾವು ನನ್ನ ಮೊಬೈಲಿಗೇ, ಅದೂ ನಾನು ಮೈಕಿನ ಮುಂದೆ ಕೂತು ಮಾತಾಡುತ್ತಿರುವಾಗಲೇ ಕಳಿಸಿದಿರಿ, ಅದು ಗಣಗಣ ಬಾರಿಸಿದ್ದು ಲಕ್ಷ್ಮೇಶ್ವರದ ದಾರಿಯವರೆಗೂ ಕೇಳಿಸಿತಂತೆ.

ಇಷ್ಟೆಲ್ಲ ಉಪಕಾರ ಮಾಡಿದವರ ಮೇಲೆ ದೂರು ಹೇಳಲು ನಾಲಿಗೆ ಏಳುವುದಿಲ್ಲ. ಆದರೆ ಕಳೆದ ಬುಧವಾರ ನಡೆದದ್ದನ್ನು ಹೇಳದೆ ನನಗೆ ನಿದ್ದೆ ಬರುವುದಿಲ್ಲ.

ಡಂಬಳದ ಅಮೃತವ್ವನಿಗೆ ಒಂಬತ್ತು ಬೀಸುವ ಪದಗಳು ಬರುತ್ತವೆ. ಅವರ ಜೊತೆ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದವರು ಯಾರೂ ಈಗ ಉಳಿದಿಲ್ಲ, ಆ ಪದಗಳನ್ನು ಕಲಿತವರೂ ಇಲ್ಲ. ಊರೂರಿನ ಬೀಸುವ ಕಲ್ಲನ್ನು ಹಿತ್ತಲಿಗೆ ತಳ್ಳಿದ ಗಿರಣಿಗಳಲ್ಲಿ ನನ್ನದೂ ಒಂದು. ಆ ಋಣ ತೀರಿಸೋಣವೆಂದು ಮೂರು ತಿಂಗಳು ಬೆನ್ನುಬಿದ್ದು ಅವರನ್ನು ಒಪ್ಪಿಸಿ, ಬಸ್ಸಿನಲ್ಲಿ ಕೂಡಿಸಿಕೊಂಡು ಕರೆತಂದೆ.

ಬೀಸುವಾಗ ಹಾಡುವವರು ನುಡಿ ಮುಗಿದಲ್ಲಿ ನಿಲ್ಲುತ್ತಾರೆ. ಒಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕಿ, ಉಸಿರು ತೆಗೆದುಕೊಂಡು, ಆಮೇಲೆ ಮುಂದಿನ ನುಡಿ ಎತ್ತುತ್ತಾರೆ. ಆ ಹೊತ್ತಿನಲ್ಲಿ ಕಲ್ಲು ತಿರುಗುತ್ತಲೇ ಇರುವುದರಿಂದ ಮನೆಯಲ್ಲಿ ಅದು ಯಾರಿಗೂ ಮೌನ ಅನಿಸುವುದಿಲ್ಲ. ನಾವು ಅಮೃತವ್ವನನ್ನು ಕರೆತಂದು ಕಲ್ಲನ್ನು ಮನೆಯಲ್ಲೇ ಬಿಟ್ಟುಬಂದೆವು. ಗಿರಣಿಯವನಾಗಿ ನನಗೆ ಇದು ಹೊಳೆಯದೆ ಹೋದದ್ದು ನನ್ನ ತಪ್ಪು.

ಮೊದಲೆರಡು ನುಡಿಗಳ ನಡುವಿನ ಬಿಡುವು ಚಿಕ್ಕದಿದ್ದು ಹೇಗೋ ದಾಟಿತು. ಮೂರನೆಯ ನುಡಿ ಮುಗಿಯಿತು. ಅಮೃತವ್ವನ ಕೈ ರೂಢಿಯಂತೆ ಪಕ್ಕಕ್ಕೆ ಹೋಗಿ, ಇಲ್ಲದ ಮೊರದಿಂದ ಇಲ್ಲದ ಜೋಳವನ್ನು ಹಿಡಿಯಿತು. ತಾವು ಐದು ಸೆಕೆಂಡ್ ಎಣಿಸಿ, ಬಾನುಲಿಯೇ ಸತ್ತುಹೋಯಿತೆಂದು ಗಾಬರಿಯಾಗಿ, ಈ ವಾರದ ಪಟ್ಟಿಯ ಮೊದಲ ಹಾಡನ್ನು ಆ ತಾಯಿಯ ಕಿವಿಗೆ ಹಾಕಿದ್ದ ಹೆಡ್‌ಫೋನಿನೊಳಗೆ ಡೋಲುಗಳ ಸಮೇತ ಸುರಿದಿರಿ.

ನಾನು ರುಹಿಯ ಮುಖ ನೋಡಿದೆ. ತಮ್ಮ ಸೇವೆಗೆಂದೇ ಪಕ್ಕದಲ್ಲಿ ಕೂರುವ ಆ ಹುಡುಗಿ ಎಲ್ಲ ಗುಂಡಿಗಳನ್ನೂ ಒತ್ತಿ ಸೋತು, “ಕಾಕಾ, ಇದನ್ನ ಬಂದ್ ಮಾಡಾಕ ಬರಂಗಿಲ್ರಿ, ಪಾಸ್‌ವರ್ಡ್ ಬೆಂಗಳೂರಾಗ ಐತಿ” ಎಂದಳು. ಅಮೃತವ್ವ ಹೆಡ್‌ಫೋನು ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಸೆರಗು ಸರಿಮಾಡಿಕೊಂಡು ಎದ್ದರು. “ಮುದುಕಿ ಹಾಡು ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತಪಾ ತಿರಕಪ್ಪ. ಮಂದಿ ಮುಂದ ಹಿಂಗ ಬಾಯಿ ಮುಚ್ಚಸಬಾರದಿತ್ತು” ಎಂದರು. ನನಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಒಂಬತ್ತು ಪದಗಳಲ್ಲಿ ನಮ್ಮ ಬಳಿ ಉಳಿದದ್ದು ಮೂರು ನುಡಿ ಮಾತ್ರ.

ಆಮೇಲೆ ಎರಡು ಸಲ ಡಂಬಳಕ್ಕೆ ಹೋಗಿಬಂದೆ. ಅವರು ಕುಡಿಯಲು ಮಜ್ಜಿಗೆ ಕೊಟ್ಟರು, ನನ್ನ ಮಕ್ಕಳ ಯೋಗಕ್ಷೇಮ ಕೇಳಿದರು. ಹಾಡಿನ ಮಾತು ತೆಗೆದಾಗ ಮಾತ್ರ ಎದ್ದು ಒಳಗೆ ಹೋದರು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ. ತಾವು ಒಂದು ದಿನ ರಜೆ ಹಾಕಿ, ಎಸಿಯ ಆಸೆ ಬಿಟ್ಟು, ನನ್ನ ಸ್ಕೂಟರಿನ ಹಿಂದೆ ಕೂತು ಡಂಬಳಕ್ಕೆ ಬರಬೇಕು. ಅಮೃತವ್ವನ ಎದುರು ಕಲ್ಲಿನ ಈಚೆ ಕಾಲು ಚಾಚಿ ಕೂತು ಒಂದು ಸೇರು ಜೋಳ ಬೀಸಬೇಕು. ನುಡಿ ಮುಗಿದಾಗ ಕೈಯನ್ನು ಜೋಳಕ್ಕೆ ಹಾಕಿ ಬಾಯಿಯನ್ನು ಮುಚ್ಚಿಕೊಂಡಿರುವ ಅಭ್ಯಾಸ ಮಾಡಿಕೊಳ್ಳಬೇಕು. ಕಾಲಿಲ್ಲ ಎಂಬ ನೆಪ ಹೇಳಬಾರದು. ಅದು ಸಾಧ್ಯವಾಗದಿದ್ದರೆ, ಬೀಸುವ ಕಲ್ಲನ್ನೇ ಸ್ಟುಡಿಯೋಕ್ಕೆ ತರಲು ಅಪ್ಪಣೆ ಕೊಡಬೇಕು. ‘ಒಳಗೆ ದವಸಧಾನ್ಯ ತರಬಾರದು’ ಎಂಬ ಹೊಸ ನೆನಪೋಲೆ ಬರುವ ಮೊದಲೇ ಕೇಳಿಕೊಳ್ಳುತ್ತಿದ್ದೇನೆ.

ತಮ್ಮ ಪಟ್ಟಿಯಲ್ಲಿ ಎಂದೂ ಜಾಗ ಸಿಗದ, ಆದರೂ ತಮ್ಮ ವಿಶ್ವಾಸಿ,
ತಿರಕಪ್ಪ

ತಾ.ಕ.: ನಿನ್ನೆ ರಾತ್ರಿ ಈ ಪತ್ರ ಮಡಿಚುವಷ್ಟರಲ್ಲಿ ಅಮೃತವ್ವನ ಹೆಸರಿಗೆ ತಮ್ಮ ಸಂದೇಶ ಬಂತು. ಅವರ ಬಳಿ ಮೊಬೈಲ್ ಇಲ್ಲದ್ದರಿಂದ ರುಹಿ ನನ್ನ ನಂಬರ್ ಕೊಟ್ಟಿದ್ದಳು. ‘ತಮ್ಮ ಕಾರ್ಯಕ್ರಮದಲ್ಲಿ ನಿಗದಿಗಿಂತ ಹೆಚ್ಚು ಮೌನ ಕಂಡುಬಂದಿದೆ, ಮುಂದೆ ಎಚ್ಚರ ವಹಿಸಿ’ ಎಂದಿತ್ತು. ಅವರಿಗೆ ಓದು ಬಾರದು, ಓದಿ ಹೇಳಬೇಕಾದವನು ನಾನೇ. ಇಂದು ಮುಂಜಾನೆ ಡಂಬಳಕ್ಕೆ ಹೋಗಿ ಓದಿದೆ: “ಯವ್ವಾ, ನಮ್ದು ತಪ್ಪಾಗೈತಿ, ಕಲ್ಲು ತಗೊಂಡು ಮತ್ತ ಬರ್ರಿ.” ಅವರು ಮೊಬೈಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲಿನ ದೂಳು ಒರೆಸತೊಡಗಿದರು. ಹೀಗೆ ತಮ್ಮ ಹೆಸರಿನಲ್ಲಿ ನಾನು ಕ್ಷಮೆ ಕೇಳಿಯಾಗಿದೆ. ಬುಧವಾರ ಅವರು ಬಂದಾಗ ತಾವು ದಯವಿಟ್ಟು ಬಾಯಿಬಿಟ್ಟು ನನ್ನನ್ನು ಸುಳ್ಳುಗಾರನನ್ನಾಗಿ ಮಾಡಬಾರದು.